ಸಕ್ಕರೆ ಕಾರ್ಖಾನೆಯ ಆಫ್ ಸೀಸನ್: ಬೀಗ ಹಾಕಿದ ಮೇಲೂ ಉಳಿಯುವ ಅಪಾಯ

ಕಬ್ಬು ನುರಿಸುವ ಹಂಗಾಮು ಮುಗಿದರೆ ಸಕ್ಕರೆ ಕಾರ್ಖಾನೆ ಮಲಗಿಬಿಡುತ್ತದೆ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಸುಮಾರಾಗಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಆಫ್ ಸೀಸನ್. ಮಂಡ್ಯದ ಕಡೆ ತಿಂಗಳುಗಳು ಬೇರೆ, ಕೆಲಸ ಅದೇ. ಹಗಲಿರುಳು ಓಡಿದ್ದನ್ನೆಲ್ಲ ಈ ಹೊತ್ತಿನಲ್ಲಿ ಬಿಚ್ಚಬೇಕು, ಸವೆದದ್ದನ್ನು ಬದಲಿಸಬೇಕು, ಅಳತೆ ಹಿಡಿದು ಮತ್ತೆ ಜೋಡಿಸಬೇಕು. ಮಿಲ್ ಹೌಸಿನಲ್ಲಿ ಕಬ್ಬು ಹಿಂಡುವ ರೋಲರ್‌ಗಳು ಮೇಲೆದ್ದಿರುತ್ತವೆ, ಬಾಯ್ಲರಿನ ಬಾಗಿಲು ತೆರೆದಿರುತ್ತದೆ, ಕಬ್ಬಿನ ರಸ ಕುದಿಸಿ ಗಟ್ಟಿ ಮಾಡುವ ಇವಾಪರೇಟರ್ ಒಳಗೆ ಟ್ಯೂಬ್ ಉಜ್ಜುವವರು ಇಳಿದಿರುತ್ತಾರೆ. ಕಾಯಂ ನೌಕರರ ಜೊತೆ ಗುತ್ತಿಗೆಯ ಹುಡುಗರು ದೊಡ್ಡ ಸಂಖ್ಯೆಯಲ್ಲಿ ಬಂದಿರುತ್ತಾರೆ. ತಾವು ಬಿಚ್ಚುತ್ತಿರುವ ಯಂತ್ರ ಓಡುವುದನ್ನು ಅವರಲ್ಲಿ ಎಷ್ಟೋ ಜನ ನೋಡಿಯೇ ಇರುವುದಿಲ್ಲ.

"ಮಷಿನ್ ನಿಂತೈತಲ್ಲ, ಇನ್ನೇನ್ ಅಂಜಿಕಿ?" ಅನ್ನುವ ಮಾತು ಈ ತಿಂಗಳುಗಳಲ್ಲಿ ದಿನಾ ಕೇಳಿಬರುತ್ತದೆ. ಕರೆಂಟ್ ತೆಗೆದು ಸ್ವಿಚ್ಚಿಗೆ ಬೀಗ ಹಾಕುವುದು ಸುರಕ್ಷತೆಯ ಕೊನೆ ಅಂತ ತಿಳಿದವರು ಆಡುವ ಮಾತು ಅದು. ಬೀಗ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಸಕ್ಕರೆ ಕಾರ್ಖಾನೆಯಲ್ಲಿ ಕರೆಂಟಿನಿಂದ ಬರುವ ಅಪಾಯ ಒಂದು ಪಾಲು ಮಾತ್ರ. ಬೀಗ ಬಿದ್ದ ಮೇಲೂ ಎತ್ತರದಲ್ಲಿರುವ ಭಾರ ಕೆಳಗೆ ಬರಬಹುದು, ಪೈಪಿನಲ್ಲಿ ಒತ್ತಡ ಕೂತಿರಬಹುದು, ಚಿಮಣಿಯ ಸೆಳೆತಕ್ಕೆ ಫ್ಯಾನ್ ತಿರುಗಬಹುದು, ಟ್ಯಾಂಕಿನ ತಳದಲ್ಲಿ ಗಾಳಿಯೇ ಇಲ್ಲದಿರಬಹುದು. ಇವನ್ನು ಹುಡುಕುವ ಕೆಲಸವನ್ನು ಬೀಗ ಮಾಡಿಕೊಡುವುದಿಲ್ಲ.

ಎರಡು ಮಾತಿನ ಮೇಲೆ ನಾಲ್ಕು ಜನ

ಆದರೂ ಬೀಗದಿಂದಲೇ ಶುರು ಮಾಡಬೇಕು, ಯಾಕೆಂದರೆ ಅದೇ ಸರಿಯಾಗಿ ಆಗುವುದಿಲ್ಲ. ಫಿಟ್ಟರ್ ಎಂಸಿಸಿ ರೂಮಿನ (ಮೋಟಾರುಗಳ ಸ್ವಿಚ್ ಪ್ಯಾನೆಲ್ ಇರುವ ಕೋಣೆ) ಬಾಗಿಲಲ್ಲಿ ನಿಂತು, "ಅಣ್ಣಾ, ಮೂರನೇ ಮಿಲ್ಲಿನ ಕ್ಯಾರಿಯರ್ ಲೈನ್ ತಗೀರಿ" ಅನ್ನುತ್ತಾನೆ. "ತಗದೇನಿ, ಹೋಗ್ರಿ" ಅಂತ ಒಳಗಿನಿಂದ ಉತ್ತರ. ಈ ಎರಡು ಮಾತಿನ ಮೇಲೆ ನಾಲ್ಕು ಜನ ಕ್ಯಾರಿಯರಿನ, ಅಂದರೆ ಕಬ್ಬು ಸಾಗಿಸುವ ಯಂತ್ರದ, ಚೈನಿನ ನಡುವೆ ಇಳಿಯುತ್ತಾರೆ. ಎಲೆಕ್ಟ್ರಿಷಿಯನ್ ಸುಳ್ಳು ಹೇಳಿರುವುದಿಲ್ಲ. ಅವರು ತೆಗೆದದ್ದು ಎರಡನೇ ಮಿಲ್ಲಿನಿಂದ ಮೂರನೆಯದಕ್ಕೆ ಬಗ್ಯಾಸ್ (ಹಿಂಡಿದ ಕಬ್ಬಿನ ಸಿಪ್ಪೆ) ತರುವ ಕ್ಯಾರಿಯರ್; ಫಿಟ್ಟರ್ ಕೇಳಿದ್ದು ಮೂರರಿಂದ ನಾಲ್ಕಕ್ಕೆ ಹೋಗುವುದನ್ನು. ಎರಡನ್ನೂ ಜನ "ಮೂರನೇದ್ದು" ಅಂತಲೇ ಕರೆಯುತ್ತಾರೆ. ಪ್ಯಾನೆಲ್ಲಿನ ಬಾಗಿಲಿನ ಮೇಲಿನ ಹೆಸರು ಮಾಸಿದ್ದರೆ, ಅಥವಾ ಹಿಂದೊಮ್ಮೆ ಫೀಡರ್ (ಒಂದು ಮೋಟಾರಿಗೆ ಲೈನ್ ಕೊಡುವ ಪ್ಯಾನೆಲ್ಲಿನ ಖಾನೆ) ಕೆಟ್ಟಾಗ ಪಕ್ಕದ ಸ್ಪೇರ್ ಫೀಡರಿಗೆ ಕೇಬಲ್ ಬದಲಿಸಿ ಹೆಸರು ಮಾತ್ರ ಹಾಗೇ ಬಿಟ್ಟಿದ್ದರೆ, ಕೇಳುವುದೇ ಬೇಡ.

ಇದಕ್ಕೆ ಪರಿಹಾರ ದುಬಾರಿಯದೇನಲ್ಲ. ಪ್ರತಿ ಮೋಟಾರಿಗೂ ಒಂದೇ ಒಂದು ನಂಬರ್. ಆ ನಂಬರನ್ನು ಮೋಟಾರಿನ ಮೇಲೆ, ಲೋಕಲ್ ಪುಶ್ ಬಟನ್ ಮೇಲೆ, ಪ್ಯಾನೆಲ್ಲಿನ ಫೀಡರ್ ಮೇಲೆ ಒಂದೇ ರೀತಿ ಬರೆಸುವುದು. ಕೆಲಸ ಮಾಡುವ ಫಿಟ್ಟರ್ ತಾನೇ ಎಲೆಕ್ಟ್ರಿಷಿಯನ್ ಜೊತೆ ಪ್ಯಾನೆಲ್‌ವರೆಗೆ ನಡೆದು ಹೋಗಿ, ಇಬ್ಬರೂ ನಂಬರ್ ಓದುವುದು. ಬ್ರೇಕರ್ ಇದ್ದರೆ ಆಫ್ ಮಾಡಿ ರ್ಯಾಕ್ ಔಟ್ ಮಾಡಬೇಕು, ಅಂದರೆ ಪ್ಯಾನೆಲ್ಲಿನಿಂದ ಹೊರಗೆಳೆದಿಡಬೇಕು; ಸ್ವಿಚ್ ಫ್ಯೂಸ್ ಇದ್ದರೆ ಹ್ಯಾಂಡಲ್ ಇಳಿಸಿ ಮೂರೂ ಫ್ಯೂಸ್ ಕೀಳಬೇಕು. ಆಮೇಲೆ ಹಲವು ಬೀಗ ಹಿಡಿಯುವ ಹ್ಯಾಸ್ಪ್ ಹಾಕಿ, ಎಷ್ಟು ಜನ ಕೆಲಸಕ್ಕೆ ಇಳಿಯುತ್ತಾರೋ ಅಷ್ಟು ಬೀಗ. ಒಬ್ಬೊಬ್ಬರ ಬೀಗದ ಕೀಲಿ ಅವರವರ ಜೇಬಿನಲ್ಲೇ ಇರಬೇಕು. ಶಿಫ್ಟ್ ಆಫೀಸಿನ ಗೋಡೆಯ ಮೇಲೆ ಮೊಳೆಗೆ ತೂಗುಹಾಕಿದ ಡೂಪ್ಲಿಕೇಟ್ ಕೀಲಿ ಇದ್ದರೆ ಆ ಬೀಗ ಬರೀ ಅಲಂಕಾರ.

ಬೀಗ ಹಾಕಿದ ಮೇಲೆ ಲೈನ್ ಹೋಗಿದೆಯೇ ಅಂತ ಅಳೆದೇ ನೋಡಬೇಕು. ಮೊದಲು ಟೆಸ್ಟರನ್ನು ಲೈವ್ ಇರುವ ಜಾಗದಲ್ಲಿ ಹಿಡಿದು ಅದು ಸರಿಯಿದೆ ಅಂತ ಖಾತ್ರಿ ಮಾಡಿಕೊಳ್ಳುವುದು. ಆಮೇಲೆ ಮೂರು ಫೇಸ್‌ಗಳ ನಡುವೆ, ಪ್ರತಿ ಫೇಸಿನಿಂದ ಅರ್ತಿಗೆ ಅಳೆಯುವುದು. ಕೊನೆಗೆ ಮತ್ತೊಮ್ಮೆ ಲೈವ್ ಜಾಗದಲ್ಲಿ ಟೆಸ್ಟರ್ ಪರೀಕ್ಷೆ. ನಡುವೆ ಟೆಸ್ಟರೇ ಕೈಕೊಟ್ಟಿರಬಹುದಲ್ಲ. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ ಡ್ರೈವ್ ಆದರೆ ಒಳಗಿನ ಕೆಪಾಸಿಟರ್‌ಗಳು ಲೈನ್ ತೆಗೆದ ಮೇಲೂ ಚಾರ್ಜ್ ಹಿಡಿದಿರುತ್ತವೆ. ಎಷ್ಟು ನಿಮಿಷ ಕಾಯಬೇಕು ಅಂತ ಡ್ರೈವಿನ ಮೇಲೆಯೇ ಬರೆದಿರುತ್ತದೆ. ಅಷ್ಟು ಕಾದು ಡಿಸಿ ವೋಲ್ಟೇಜ್ ಅಳೆದೇ ಮುಟ್ಟಬೇಕು. ದೊಡ್ಡ ಮೋಟಾರ್‌ಗಳ ಸ್ಪೇಸ್ ಹೀಟರ್ ಬಹಳ ಜನ ಮರೆಯುವ ಸಂಗತಿ. ಮೋಟಾರ್ ನಿಂತಾಗ ವೈಂಡಿಂಗ್ ಥಂಡಿ ಹಿಡಿಯದಿರಲಿ ಅಂತ ಇಟ್ಟ ಹೀಟರ್ ಅದು. ಅದರ 230 ವೋಲ್ಟ್ ಬೇರೆ ಕಡೆಯಿಂದ ಬರುತ್ತದೆ. ಮೇನ್ ಬ್ರೇಕರಿಗೆ ಎಷ್ಟೇ ಬೀಗ ಹಾಕಿದರೂ ಟರ್ಮಿನಲ್ ಬಾಕ್ಸಿನಲ್ಲಿ ಅದು ಲೈವ್ ಆಗಿಯೇ ಇರುತ್ತದೆ. ಮೋಟಾರ್ ನಿಂತಾಗಲೇ ಹೀಟರ್ ಚಾಲೂ ಆಗುವುದರಿಂದ ಮೇಂಟೆನೆನ್ಸಿನವರ ಕೈಗೆ ಸಿಗುವುದು ಇದೇ.

ಕೊನೆಗೆ ಸ್ಟಾರ್ಟ್ ಬಟನ್ ಒತ್ತಿ ನೋಡುವುದು. ಇದನ್ನು ಎಲ್ಲರೂ ಹೇಳುತ್ತಾರೆ, ಅದರ ಕುಂದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕ್ಯಾರಿಯರ್‌ಗಳು ಮುಂದಿನ ಮಿಲ್ಲಿನ ಜೊತೆ ಇಂಟರ್‌ಲಾಕ್ ಆಗಿರುತ್ತವೆ. ಮುಂದಿನ ಮಿಲ್ ಓಡದಿದ್ದರೆ ಹಿಂದಿನ ಕ್ಯಾರಿಯರ್ ಶುರುವಾಗುವುದೇ ಇಲ್ಲ. ಆಫ್ ಸೀಸನ್‌ನಲ್ಲಿ ಎಲ್ಲವೂ ನಿಂತಿರುವಾಗ ಬಟನ್ ಒತ್ತಿ "ನೋಡ್ರಿ, ಚಾಲೂ ಆಗಲಿಲ್ಲ" ಅಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ತಪ್ಪು ಫೀಡರಿಗೆ ಬೀಗ ಬಿದ್ದಿದ್ದರೂ ಉತ್ತರ ಅದೇ ಬರುತ್ತಿತ್ತು. ಮೋಟಾರಿನ ಟರ್ಮಿನಲ್ಲಿನಲ್ಲಿ ಅಳೆದರೂ ಸಾಲದು, ಪ್ಯಾನೆಲ್ಲಿನ ಕಾಂಟ್ಯಾಕ್ಟರ್ ತೆರೆದಿದ್ದರೆ ಅಲ್ಲಿ ಹೇಗೂ ಸೊನ್ನೆಯೇ ಬರುತ್ತದೆ; ಮೋಟಾರಿನ ಕೇಬಲ್ ಹಿಡಿದು ಅದರ ಫೀಡರನ್ನು ಗುರುತಿಸಿ, ಅಲ್ಲಿ ಕಾಂಟ್ಯಾಕ್ಟರಿಗೆ ಲೈನ್ ಬರುವ ಬದಿಯಲ್ಲಿ ಅಳೆಯುವುದೇ ನಂಬಿಕೆಯ ದಾರಿ. ತುರ್ತಾಗಿ ನಿಲ್ಲಿಸುವ ಹಗ್ಗ, ಅಂದರೆ ಪುಲ್ ಕಾರ್ಡ್, ಎಳೆದಿದ್ದೇವೆ, ಸ್ಟಾಪ್ ಬಟನ್ ಒತ್ತಿಟ್ಟಿದ್ದೇವೆ ಅನ್ನುವುದೂ ಲೆಕ್ಕಕ್ಕಿಲ್ಲ. ಅವು ಕಂಟ್ರೋಲ್ ಸರ್ಕ್ಯೂಟನ್ನು ತಡೆಯುತ್ತವೆ, ಮೇನ್ ಲೈನ್ ಅಲ್ಲಿಯೇ ಕಾಯುತ್ತಿರುತ್ತದೆ. ಆಫ್‌ನಿಂದ ಆನ್‌ಗೆ ತಾನಾಗಿ ಸರಿಯಬಹುದಾದ ಯಾವ ಸ್ವಿಚ್ಚಿಗೂ ಸುರಕ್ಷಿತ ಸ್ಥಿತಿಯಲ್ಲಿ ಬೀಗ ಹಾಕುವ ವ್ಯವಸ್ಥೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 24ನೇ ಸೆಕ್ಷನ್ನೇ ಹೇಳುತ್ತಿತ್ತು; 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಬೀಗ ಅನ್ನುವುದು ಹೊರದೇಶದ ಕಂಪನಿಗಳು ತಂದ ಹೊಸ ಶೋಕಿ ಅಂತ ಮೂಗು ಮುರಿಯುವ ಹಿರಿಯರಿಗೆ ಈ ಸೆಕ್ಷನ್ ಓದಿ ಹೇಳಬೇಕು.

ಭಾರ ತಾನಾಗಿ ಇಳಿಯುತ್ತದೆ

ಕೇನ್ ಕ್ಯಾರಿಯರ್ ಇಳಿಜಾರಿನಲ್ಲಿ ಮೇಲೇರುತ್ತದೆ. ಅದರ ಚೈನು, ಸ್ಲ್ಯಾಟು, ಮೇಲೆ ಉಳಿದ ಕಬ್ಬು, ಎಲ್ಲ ಸೇರಿ ಟನ್ನುಗಟ್ಟಲೆ ತೂಕ. ಅದನ್ನು ಹಿಡಿದು ನಿಲ್ಲಿಸಿರುವುದು ಗೇರ್ ಬಾಕ್ಸ್ ಮತ್ತು ಕಪ್ಲಿಂಗ್. ಕಪ್ಲಿಂಗ್ ಬೋಲ್ಟ್ ಬಿಚ್ಚಿದರೆ ಅಥವಾ ಚೈನಿನ ಒಂದು ಪಿನ್ ಹೊಡೆದು ತೆಗೆದರೆ ಹಿಡಿತ ಹೋಗಿ ಇಡೀ ಕ್ಯಾರಿಯರ್ ಹಿಂದಕ್ಕೆ ಜಾರುತ್ತದೆ. ಹೀಗಾಗಿ ಮೊದಲು ಕಬ್ಬು ಖಾಲಿ ಮಾಡಬೇಕು. ಆಮೇಲೆ ಪಿನ್ ತೆಗೆಯುವ ಜಾಗದ ಮೇಲಿನ ಮತ್ತು ಕೆಳಗಿನ ಚೈನನ್ನು ಚೈನ್ ಬ್ಲಾಕಿನಿಂದ ಎಳೆದು ಸ್ಟ್ರಕ್ಚರಿಗೆ ಕಟ್ಟಬೇಕು. ಕ್ಯಾರಿಯರಿಗೆ ಎರಡು ಬದಿಯ ಚೈನಿದ್ದರೆ ಎರಡಕ್ಕೂ ಕಟ್ಟಬೇಕು. ಒಂದೇ ಬದಿ ಕಟ್ಟಿದರೆ ಇನ್ನೊಂದು ಬದಿ ಜಾರಿ ಸ್ಲ್ಯಾಟುಗಳು ಓರೆಯಾಗಿ ಕಚ್ಚಿಕೊಳ್ಳುತ್ತವೆ, ನಡುವೆ ಕಾಲಿದ್ದರೆ ಅದೂ.

ಕಬ್ಬನ್ನು ಹ್ಯಾಮರಿನಿಂದ ಬಡಿದು ನಾರಾಗಿಸುವ ಫೈಬ್ರೈಜರಿನದು ಇನ್ನೊಂದು ಬಗೆ. ಹ್ಯಾಮರಿನ ತುದಿಯ ವೃತ್ತದ ವ್ಯಾಸ 1.8 ಮೀಟರ್, ವೇಗ ನಿಮಿಷಕ್ಕೆ 750 ಸುತ್ತು ಅಂತ ಹಿಡಿದರೆ ತುದಿ ಸೆಕೆಂಡಿಗೆ ಸುಮಾರು 70 ಮೀಟರ್ ಓಡುತ್ತಿರುತ್ತದೆ. ಅಂದರೆ ಗಂಟೆಗೆ 250 ಕಿಲೋಮೀಟರ್. ಲೈನ್ ತೆಗೆದ ಮೇಲೂ ಆ ರೋಟರ್ ನಿಮಿಷಗಟ್ಟಲೆ ತಿರುಗುತ್ತಲೇ ಇರುತ್ತದೆ. ನಿಂತಿತು ಅಂತ ಸದ್ದು ಕೇಳಿ ತೀರ್ಮಾನಿಸುವಂತಿಲ್ಲ, ಶಾಫ್ಟ್ ಕಣ್ಣಿಗೆ ಕಂಡ ಮೇಲೆಯೇ ಕವರಿಗೆ ಪಾನಾ ಹಾಕಬೇಕು. ಅದಕ್ಕಿಂತ ಮೋಸದ ಅಪಾಯ ಹ್ಯಾಮರ್ ಬದಲಿಸುವಾಗ ಬರುತ್ತದೆ. ಒಂದು ಬದಿಯ ಸಾಲನ್ನು ಪೂರ್ತಿ ತೆಗೆದುಬಿಟ್ಟರೆ ರೋಟರಿನ ತೂಕ ಒಂದು ಕಡೆ ವಾಲುತ್ತದೆ. ಭಾರದ ಬದಿ ಮೇಲಿದ್ದರೆ ಯಾರೂ ಮುಟ್ಟದೆಯೇ ಅದು ಗರಕ್ಕನೆ ತಿರುಗಿ ಕೆಳಗೆ ಬರುತ್ತದೆ. ಒಳಗೆ ಕೈಯಿಟ್ಟವನಿಗೆ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ. ರೋಟರನ್ನು ಲಾಕಿಂಗ್ ಪಿನ್ನಿನಿಂದ, ಅದಿಲ್ಲದಿದ್ದರೆ ಗಟ್ಟಿ ಮರದ ದಿಮ್ಮಿ ಮತ್ತು ಚೈನಿನಿಂದ ಬಿಗಿದು, ಎದುರುಬದುರಿನ ಸಾಲುಗಳಲ್ಲಿ ಜೋಡಿಜೋಡಿಯಾಗಿ ತೆಗೆದು ಹಾಕುತ್ತ ಹೋಗಬೇಕು. ಹೊಸ ಹ್ಯಾಮರುಗಳನ್ನು ತೂಗಿ, ಎದುರೆದುರಿಗೆ ಸಮ ತೂಕದವು ಬರುವಂತೆ ಜೋಡಿಸಿಕೊಳ್ಳುವುದೂ ಇದರ ಜೊತೆಗೇ ಆಗಬೇಕಾದ ಕೆಲಸ. ಇಲ್ಲದಿದ್ದರೆ ಟ್ರಯಲ್ ದಿನ ಬೇರಿಂಗ್ ಬಡಿದುಕೊಳ್ಳುತ್ತದೆ.

ರೋಲರ್ ಎತ್ತುವ ಕೆಲಸವನ್ನು ಖಲಾಸಿಗಳು ಅಂದಾಜಿನ ಮೇಲೆ ಮಾಡುತ್ತಾರೆ. ಅವರ ಅಂದಾಜು ಬಹಳ ಸಲ ನಮ್ಮ ಲೆಕ್ಕಕ್ಕಿಂತ ಚೆನ್ನಾಗಿರುತ್ತದೆ ಅನ್ನುವುದೂ ನಿಜ. ಆದರೂ ಲೆಕ್ಕ ಹಾಕುವುದು ಕಷ್ಟವಲ್ಲ. 33 ಇಂಚು ವ್ಯಾಸ, 66 ಇಂಚು ಉದ್ದದ ರೋಲರ್, ಶಾಫ್ಟಿನ ಎರಡೂ ತುದಿ ಸೇರಿ ಹತ್ತು ಟನ್ ಆಸುಪಾಸು ತೂಗುತ್ತದೆ. ಎರಡು ಕಾಲಿನ ಸ್ಲಿಂಗಿನಲ್ಲಿ ಅದನ್ನು ಎತ್ತಿದರೆ ಒಂದೊಂದು ಕಾಲಿಗೆ ಐದು ಟನ್ ಅಂತ ಹೇಳಿದವರು ಕೋನವನ್ನು ಮರೆತಿದ್ದಾರೆ. ಸ್ಲಿಂಗಿನ ಕಾಲು ನೆಲದ ಮಟ್ಟಕ್ಕೆ 60 ಡಿಗ್ರಿ ಇದ್ದರೆ ಒಂದು ಕಾಲಿನ ಎಳೆತ 5.8 ಟನ್, 45 ಡಿಗ್ರಿಗೆ 7.1, 30 ಡಿಗ್ರಿಗೆ ಇಳಿದರೆ ಪೂರ್ತಿ 10 ಟನ್. ಮೇಲೆ ಕ್ರೇನಿಗೆ ಎತ್ತರ ಸಾಲದು ಅಂತ ಗಿಡ್ಡ ಸ್ಲಿಂಗ್ ಹಾಕಿದಾಗ ಆಗುವುದು ಇದೇ. ಎತ್ತರ ಇಲ್ಲದ ಕಡೆ ಸ್ಪ್ರೆಡರ್ ಬೀಮ್ (ಸ್ಲಿಂಗಿನ ಕಾಲುಗಳನ್ನು ದೂರ ಹಿಡಿಯುವ ಅಡ್ಡ ತೊಲೆ) ಹಾಕಬೇಕು, ಸ್ಲಿಂಗನ್ನು ಅಗಲಿಸಬಾರದು. ರೋಲರಿನ ಹಲ್ಲು ಅಥವಾ ಫ್ಲ್ಯಾಂಜಿನ ಅಂಚು ತಾಗುವ ಕಡೆ ಗೋಣಿ ಮಡಚಿ ಇಟ್ಟರೆ ಸಾಲದು. ಪೈಪನ್ನು ಉದ್ದಕ್ಕೆ ಸೀಳಿದ ತುಂಡನ್ನೋ ಮರದ ತುಂಡನ್ನೋ ಕೊಡಬೇಕು. ಕ್ರೇನಿಗೆ ಕೈ ತೋರಿಸುವವನು ಒಬ್ಬನೇ. "ನಿಲ್ಸು" ಅನ್ನುವ ಮಾತನ್ನು ಮಾತ್ರ ಯಾರು ಬೇಕಾದರೂ ಹೇಳಬಹುದು, ಹೇಳಿದರೆ ನಿಲ್ಲಲೇಬೇಕು.

ಕ್ರೇನಿನ ವಿಷಯದಲ್ಲೇ ಇನ್ನೊಂದು. ಆಫ್ ಸೀಸನ್‌ನಲ್ಲಿ ಗ್ಯಾಂಟ್ರಿಯ (ಕ್ರೇನ್ ಓಡುವ ಎತ್ತರದ ಹಳಿ) ಮೇಲೆ ಪೇಂಟಿಂಗಿನವರು, ಲೈಟ್ ಬದಲಿಸುವವರು ಹತ್ತಿರುತ್ತಾರೆ. ಕೆಳಗೆ ರೋಲರ್ ಎತ್ತಲು ಕ್ರೇನ್ ಓಡುತ್ತಿರುತ್ತದೆ. ಕ್ರೇನಿನ ಹಳಿಯ ಮೇಲೆ ಅಥವಾ ಹತ್ತಿರ ಜನ ಕೆಲಸ ಮಾಡುವಾಗ ಕ್ರೇನ್ ಅವರಿಗೆ 6 ಮೀಟರಿಗಿಂತ ಹತ್ತಿರ ಬರದಂತೆ ತಡೆ ಇರಬೇಕೆಂದು ಅದೇ ಹಳೆಯ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತಿತ್ತು. ಹಳಿಗೆ ಸ್ಟಾಪರ್ ಕ್ಲ್ಯಾಂಪ್ ಹಾಕಿದರೆ ಮುಗಿಯಿತು. ಆಪರೇಟರಿಗೆ "ಆ ಕಡೆ ಹೋಗಬೇಡ" ಅಂತ ಹೇಳಿ ಬಿಡುವುದು ತಡೆಯಲ್ಲ.

ಗೇಜ್ ಸೊನ್ನೆ ತೋರಿಸಿದರೆ

ಟಾಪ್ ರೋಲರನ್ನು ಕೆಳಕ್ಕೆ ಒತ್ತಿ ಹಿಡಿಯುವ ಹೈಡ್ರಾಲಿಕ್ ವ್ಯವಸ್ಥೆಯನ್ನು ಮಿಲ್ ಫಿಟ್ಟರುಗಳು ಬಹಳ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಅದು ಕಣ್ಣಿಗೆ ಅಲುಗಾಡುವುದೇ ಇಲ್ಲ. 300 ಮಿಲಿಮೀಟರ್ ವ್ಯಾಸದ ರ್ಯಾಮ್, ಪ್ರತಿ ಚದರ ಸೆಂಟಿಮೀಟರಿಗೆ 200 ಕೆ.ಜಿ. ಒತ್ತಡ ಅಂತ ಹಿಡಿಯಿರಿ. ಒಂದು ಬದಿಗೆ ಸುಮಾರು 140 ಟನ್ ಬಲ ಆಯಿತು. ಪಂಪ್ ಆಫ್ ಮಾಡಿದರೆ ಈ ಒತ್ತಡ ಇಳಿಯುವುದಿಲ್ಲ. ನಾನ್ ರಿಟರ್ನ್ ವಾಲ್ವ್ ಎಣ್ಣೆಯನ್ನು ಹಿಡಿದಿಟ್ಟಿರುತ್ತದೆ, ಒತ್ತಡ ಕೂಡಿಡುವ ಅಕ್ಯುಮುಲೇಟರಿನ ಒಳಗಿನ ನೈಟ್ರೋಜನ್ ತುಂಬಿದ ಚೀಲ, ಅಂದರೆ ಬ್ಲ್ಯಾಡರ್, ಅದನ್ನು ಒತ್ತುತ್ತಲೇ ಇರುತ್ತದೆ.

ಇಲ್ಲಿ ಮೋಸ ಮಾಡುವುದು ಗೇಜ್. ಪಂಪ್ ಸ್ಟ್ಯಾಂಡಿನ ಮೇಲಿನ ಗೇಜ್ ಸೊನ್ನೆ ತೋರಿಸುತ್ತಿರಬಹುದು. ಅದಕ್ಕೂ ಅಕ್ಯುಮುಲೇಟರಿಗೂ ನಡುವಿನ ವಾಲ್ವ್ ಮುಚ್ಚಿದ್ದರೆ ಅದು ತೋರಿಸುವುದು ಖಾಲಿ ಪೈಪಿನ ಒತ್ತಡ. ನಡುವಿನ ವಾಲ್ವ್‌ಗಳನ್ನೆಲ್ಲ ತೆರೆದು, ರಿಟರ್ನ್ ವಾಲ್ವನ್ನು ನಿಧಾನ ಬಿಟ್ಟು, ಎಣ್ಣೆ ಟ್ಯಾಂಕಿಗೆ ಬಂದು ನಿಲ್ಲುವವರೆಗೆ ಕಾದು, ಎರಡೂ ಬದಿಯ ಗೇಜನ್ನು ಬೇರೆಬೇರೆಯಾಗಿ ನೋಡಿ, ಆಮೇಲೆಯೇ ಟಾಪ್ ಕ್ಯಾಪಿನ ಬೋಲ್ಟಿಗೆ ಕೈ ಹಾಕಬೇಕು. ಎಣ್ಣೆ ಸೋರುವ ಜಾಗವನ್ನು ಬೆರಳಿನಿಂದ ತಡಕಿ ಹುಡುಕುವ ಅಭ್ಯಾಸ ಇನ್ನೂ ಹೋಗಿಲ್ಲ. ಇಷ್ಟು ಒತ್ತಡದಲ್ಲಿ ಸೂಜಿಮೊನೆಯ ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ, ನೋವೂ ಮೊದಲಿಗೆ ಹೆಚ್ಚಿರುವುದಿಲ್ಲ. ಮುಲಾಮು ಹಚ್ಚಿ ಕೆಲಸಕ್ಕೆ ಕಳಿಸಿದರೆ ಬೆರಳೋ ಕೈಯೋ ಹೋಗಬಹುದು. ಅದು ತುರ್ತಾಗಿ ಸರ್ಜನ್ ನೋಡಬೇಕಾದ ಗಾಯ. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು. ಬ್ಲ್ಯಾಡರಿಗೆ ನೈಟ್ರೋಜನ್ ಖಾಲಿಯಾಗಿದೆ ಅಂತ ಕಟಿಂಗ್ ಸೆಟ್ಟಿನ ಆಕ್ಸಿಜನ್ ಸಿಲಿಂಡರ್ ಹಚ್ಚುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ತಡೆಯಬೇಕು. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಸ್ಫೋಟವೇ.

ಬಾಯ್ಲರಿನಲ್ಲಿ ಒತ್ತಡ ಪಕ್ಕದ ಬಾಯ್ಲರಿನಿಂದ ಬರುತ್ತದೆ. ಎರಡು ಬಾಯ್ಲರುಗಳ ಬ್ಲೋಡೌನ್ (ಬಾಯ್ಲರಿನ ಕೊಳೆನೀರು ಹೊರಬಿಡುವ ಲೈನ್) ಒಂದೇ ಹೆಡರಿಗೆ, ಅಂದರೆ ದೊಡ್ಡ ಪೈಪಿಗೆ, ಸೇರಿದ್ದರೆ, ಒಂದರ ಡ್ರಮ್ಮಿನಲ್ಲಿ ಜನ ಇರುವಾಗ ಇನ್ನೊಂದಕ್ಕೆ ಬ್ಲೋಡೌನ್ ಕೊಟ್ಟರೆ ಕುದಿನೀರು ಹಿಂದಕ್ಕೆ ನುಗ್ಗಬಹುದು. ವಾಲ್ವ್ ಮುಚ್ಚಿದೆ ಅನ್ನುವುದನ್ನು ನಂಬಬಾರದು. ವಾಲ್ವ್‌ಗಳು ಸೋರುವುದಕ್ಕೇ ಆಫ್ ಸೀಸನ್‌ನಲ್ಲಿ ಅವನ್ನು ಉಜ್ಜಿ ಸಮ ಮಾಡುವ ಲ್ಯಾಪಿಂಗಿಗೆ ಕಳಿಸುತ್ತೇವೆ. ಫ್ಲ್ಯಾಂಜ್ (ಪೈಪಿನ ಜೋಡಣೆ) ಬಿಚ್ಚಿ ದಾರಿ ಮುಚ್ಚುವ ಡಮ್ಮಿ ಪ್ಲೇಟ್ ಹಾಕಬೇಕು, ಇಲ್ಲವೇ ಪೈಪಿನ ಒಂದು ತುಂಡನ್ನೇ ತೆಗೆದಿಡಬೇಕು. ಹೊಗೆಯನ್ನು ಚಿಮಣಿಗೆ ಎಳೆಯುವ ಐಡಿ ಫ್ಯಾನಿನ ಮೋಟಾರಿಗೆ ಬೀಗ ಹಾಕಿದ್ದರೂ ಚಿಮಣಿಯ ಸೆಳೆತಕ್ಕೆ ಇಂಪೆಲ್ಲರ್ ತಾನಾಗಿ ತಿರುಗುತ್ತದೆ. ಅದನ್ನು ಚೈನಿನಿಂದ ಕಟ್ಟಬೇಕು. ಕುಲುಮೆಯ ಬೂದಿ ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡವಿರುತ್ತದೆ. ಬೇಗ ಆರಲಿ ಅಂತ ಅದಕ್ಕೆ ಪೈಪಿನಿಂದ ನೀರು ಬಿಟ್ಟರೆ ಹಬೆ ಸಮೇತ ಬಿಸಿ ಬೂದಿ ಮುಖಕ್ಕೆ ಹಾರುತ್ತದೆ.

ಟ್ಯಾಂಕಿನ ತಳ

ಮೊಲಾಸಿಸ್ (ಕಾಕಂಬಿ) ಟ್ಯಾಂಕ್, ಡಿಸ್ಟಿಲರಿಯ ಫರ್ಮೆಂಟರ್, ಸ್ಪೆಂಟ್ ವಾಶ್ (ಡಿಸ್ಟಿಲರಿಯ ಹೊಲಸು ನೀರು) ಗುಂಡಿ, ಇವಾಪರೇಟರ್ ಬಾಡಿ. ಇವುಗಳಲ್ಲಿ ಸಾವು ಸದ್ದಿಲ್ಲದೆ ಆಗುತ್ತದೆ. ತಳದಲ್ಲಿ ಉಳಿದ ಸಿಹಿ ಹುದುಗಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲೇ ಕೂರುತ್ತದೆ. ಮ್ಯಾನ್‌ಹೋಲಿನಲ್ಲಿ ಮೀಟರ್ ಇಳಿಬಿಟ್ಟು "ಆಕ್ಸಿಜನ್ ಸರಿ ಐತಿ" ಅಂದರೆ ಪ್ರಯೋಜನವಿಲ್ಲ. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ಪೈಪ್ ಇಳಿಸಿ ನೋಡಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ಇರುವ ನಾಲ್ಕು ಗ್ಯಾಸಿನ ಮೀಟರ್ ಆಕ್ಸಿಜನ್, ಉರಿಯುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಅಳೆಯುತ್ತದೆ. ಕಾರ್ಬನ್ ಡೈಆಕ್ಸೈಡ್ ಆ ಪಟ್ಟಿಯಲ್ಲಿಲ್ಲ. ಆಕ್ಸಿಜನ್ 19.5 ಶೇಕಡಕ್ಕಿಂತ ಇಳಿದರೆ ಮೀಟರ್ ಕೂಗುತ್ತದೆ. ಆದರೆ ಟ್ಯಾಂಕಿನ ಗಾಳಿಯಲ್ಲಿ 5 ಶೇಕಡ ಕಾರ್ಬನ್ ಡೈಆಕ್ಸೈಡ್ ಸೇರಿಕೊಂಡಿದ್ದರೆ ಆಕ್ಸಿಜನ್ 20.9ರಿಂದ 19.9ಕ್ಕೆ ಇಳಿದಿರುತ್ತದೆ, ಅಷ್ಟೇ. ಮೀಟರ್ ಸುಮ್ಮನಿರುತ್ತದೆ. ಆ 5 ಶೇಕಡ ಮಾತ್ರ ಮನುಷ್ಯನನ್ನು ಕೆಡವುವ ಮಟ್ಟದ್ದು. ಹುದುಗುವ ವಸ್ತು ಇದ್ದ ಟ್ಯಾಂಕಿಗೆ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇರುವ ಮೀಟರನ್ನೇ ತರಿಸಬೇಕು. ಅದು ಬರುವವರೆಗೆ ಆಕ್ಸಿಜನ್ ಹೊರಗಿನ ಗಾಳಿಯಷ್ಟೇ, ಅಂದರೆ 20.9, ತೋರಿಸುವವರೆಗೂ ಬ್ಲೋವರ್ ನಿಲ್ಲಿಸಬಾರದು. ಬ್ಲೋವರಿನ ಪೈಪ್ ತಳದವರೆಗೆ ಇಳಿಯಬೇಕು. ಟ್ಯಾಂಕಿನ ಬಾಯಲ್ಲಿ ಇಟ್ಟರೆ ಮೇಲಿನ ಗಾಳಿಯೇ ಮೇಲೆ ಸುತ್ತುತ್ತದೆ. ಊಟಕ್ಕೆ ಹೋಗಿ ಬಂದ ಮೇಲೆ ಅಳತೆ ಮತ್ತೆ ಮೊದಲಿನಿಂದ.

ಸ್ಪೆಂಟ್ ವಾಶ್ ಗುಂಡಿ, ಇಟಿಪಿ (ತ್ಯಾಜ್ಯ ನೀರು ಶುದ್ಧ ಮಾಡುವ ಘಟಕ) ಕಡೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಚ್ಚರ ಅಂತ ಎಲ್ಲರಿಗೂ ಗೊತ್ತು. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಆಸುಪಾಸಿನಲ್ಲಿ ಮೂಗಿಗೆ ವಾಸನೆ ಹಿಡಿಯುವ ಶಕ್ತಿಯೇ ಹೋಗುತ್ತದೆ ಅನ್ನುವುದು ಗೊತ್ತಿಲ್ಲ. ವಾಸನೆ ಹೋಯಿತು, ಗ್ಯಾಸ್ ಹೋಯಿತು ಅಂದುಕೊಂಡು ಇಳಿಯುವವರು ಹೀಗೆ ಸಿಗುತ್ತಾರೆ. ಒಬ್ಬ ಬಿದ್ದದ್ದನ್ನು ನೋಡಿ ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಇಂಥ ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ 60 ಶೇಕಡಕ್ಕೂ ಹೆಚ್ಚು ಜನ ಕಾಪಾಡಲು ಇಳಿದವರು ಅಂತ ಕೆಲಸದ ಜಾಗದ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಯಾಶ್ (NIOSH) ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಹೊರಗೆ ನಿಂತವನ ಕೆಲಸ ಇಳಿಯುವುದಲ್ಲ. ಒಳಗಿನವನು ಹಾರ್ನೆಸ್ ಹಾಕಿರಬೇಕು, ಹಗ್ಗ ಟ್ರೈಪಾಡಿನ ವಿಂಚಿಗೆ ಸೇರಿರಬೇಕು, ಹೊರಗಿನವನು ವಿಂಚ್ ತಿರುಗಿಸಿ ಎಳೆಯಬೇಕು.

ಇವಾಪರೇಟರ್ ಟ್ಯೂಬಿಗೆ ಆ್ಯಸಿಡ್ ಹಾಕಿದ್ದರೆ ಇನ್ನೆರಡು ಸೇರಿಕೊಳ್ಳುತ್ತವೆ: ಲೋಹದ ಜೊತೆ ಆ್ಯಸಿಡ್ ಸೇರಿ ಹೈಡ್ರೋಜನ್, ಸಲ್ಫೈಟ್ ಕಟ್ಟಿದ ಸ್ಕೇಲಿನಿಂದ ಸಲ್ಫರ್ ಡೈಆಕ್ಸೈಡ್. ತೊಳೆದು, ಗಾಳಿ ಬಿಟ್ಟು, ಅಳೆಯುವ ಮುಂಚೆ ವೆಲ್ಡಿಂಗ್ ಹೋಲ್ಡರ್ ಒಳಗೆ ಹೋಗಬಾರದು. ಒಳಗಿನ ದೀಪ 24 ವೋಲ್ಟ್ ಮೀರಬಾರದು ಅನ್ನುವುದು ಅದೇ ಕಾಯ್ದೆಯ 36ಎ ಸೆಕ್ಷನ್ ಆಗಿತ್ತು. ಅದನ್ನು ಪಾಲಿಸುವ ರೀತಿ ನೋಡಿದರೆ ನಗು ಬರುತ್ತದೆ: ವೈರ್ ಸಾಲದು ಅಂತ ಟ್ರಾನ್ಸ್‌ಫಾರ್ಮರನ್ನೇ ಮ್ಯಾನ್‌ಹೋಲಿನೊಳಗೆ ಇಳಿಸಿರುತ್ತಾರೆ, ಅದರ ಜೊತೆ 230 ವೋಲ್ಟೂ ಒಳಗೆ ಬಂದಿರುತ್ತದೆ. ಕಟಿಂಗ್ ಸೆಟ್ಟಿನ ಹೋಸನ್ನು ಊಟದ ಹೊತ್ತಿನಲ್ಲಿ ಒಳಗೇ ಬಿಟ್ಟು ಬರುವುದೂ ಅಷ್ಟೇ ಕೆಟ್ಟದ್ದು. ಸೋರಿದ ಆಕ್ಸಿಜನ್ ಬಟ್ಟೆಯಲ್ಲಿ ಕೂತು, ತಿರುಗಿ ಬಂದು ಕಿಡಿ ಹೊತ್ತಿಸಿದಾಗ ಮೈಮೇಲಿನ ಅಂಗಿ ಭಗ್ ಅನ್ನುತ್ತದೆ.

ಹತ್ತು ನಿಮಿಷದ ಕೆಲಸ

ಇಷ್ಟೆಲ್ಲ ಬರೆದ ಮೇಲೂ ನನಗೆ ಹೆಚ್ಚು ಭಯ ಆಫ್ ಸೀಸನ್‌ದಲ್ಲ. ರೋಲರ್ ಎತ್ತುವ ದಿನ ಇಂಜಿನಿಯರ್ ಇರುತ್ತಾರೆ, ಪರ್ಮಿಟ್ ಇರುತ್ತದೆ, ಎಲ್ಲರ ಕಣ್ಣು ಅಲ್ಲಿಯೇ ಇರುತ್ತದೆ. ಹಂಗಾಮಿನ ನಡುವೆ, ರಾತ್ರಿ ಪಾಳಿಯಲ್ಲಿ, ಮಿಲ್ಲಿನಿಂದ ಮಿಲ್ಲಿಗೆ ಬಗ್ಯಾಸ್ ಎಳೆಯುವ ರೇಕ್ ಕ್ಯಾರಿಯರ್ ಜಾಮ್ ಆದಾಗ ಯಾರಿರುತ್ತಾರೆ? ಯಾರ್ಡಿನಲ್ಲಿ ಡಬಲ್ ಟ್ರೇಲರಿನ ಸಾಲು ನಿಂತಿದೆ, ಕಡಿದ ಕಬ್ಬು ಒಣಗುತ್ತ ಇಳುವರಿ ಇಳಿಯುತ್ತಿದೆ, ಕಂಟ್ರೋಲ್ ರೂಮಿನಿಂದ ಫೋನ್ ಮೇಲೆ ಫೋನ್. ಎಂಸಿಸಿಗೆ ನಡೆದು ಹೋಗಿ ಬೀಗ ಹಾಕಿ ಬರಲು ಹದಿನೈದು ನಿಮಿಷ, ಸಬ್ಬಲ್ (ಹಾರೆ) ಹಾಕಿ ಎಬ್ಬಿಸಿದರೆ ಐದೇ ನಿಮಿಷ. ಜಾಮ್ ಬಿಡುತ್ತಿದ್ದಂತೆ ಬಿಗಿದು ನಿಂತಿದ್ದ ಚೈನ್ ಜಿಗಿದು ಮುಂದೆ ಸರಿಯುತ್ತದೆ. ಸಬ್ಬಲ್ ಹಿಡಿದವನು ಅದರ ಜೊತೆ ಹೋಗುತ್ತಾನೆ. ಕ್ಯಾರಿಯರಿನ ಪಕ್ಕದಲ್ಲೇ ಬೀಗ ಹಾಕಬಲ್ಲ ಐಸೊಲೇಟರ್ (ಲೈನ್ ಕತ್ತರಿಸುವ ಸ್ವಿಚ್) ಕೂರಿಸಿದರೆ ಆ ಹದಿನೈದು ನಿಮಿಷ ಒಂದಕ್ಕೆ ಇಳಿಯುತ್ತದೆ. ಸುರಕ್ಷತಾ ಸಪ್ತಾಹದ ಬ್ಯಾನರಿಗಿಂತ ಆ ಐಸೊಲೇಟರಿಗೆ ಹಣ ಹಾಕುವುದು ಮೇಲು ಅಂತ ನನ್ನ ಖಚಿತ ಅಭಿಪ್ರಾಯ.

ರೋಲರ್ ಆರ್ಕಿಂಗಿನದು ಬೇರೆಯೇ ಕಥೆ. ಸವೆದ ಹಲ್ಲು ಕಬ್ಬನ್ನು ಹಿಡಿಯಲಿ ಅಂತ ಮಿಲ್ ಓಡುತ್ತಿರುವಾಗಲೇ ರೋಲರಿನ ಮೇಲೆ ವೆಲ್ಡಿಂಗ್ ಚುಕ್ಕೆ ಇಡುತ್ತಾರೆ. ಇದನ್ನು ಬೀಗ ಹಾಕಿ ಮಾಡಲು ಬರುವುದಿಲ್ಲ. ವೆಲ್ಡರ್ ಕೂರುವ ಜಾಗ ರೋಲರುಗಳು ಒಳಕ್ಕೆ ಸೆಳೆಯುವ ಬದಿಯಿಂದ ದೂರ ಇರಬೇಕು, ನಡುವೆ ಗಟ್ಟಿ ರೇಲಿಂಗ್ ಇರಬೇಕು, ಕೈಗವಸು ಸಡಿಲ ಇರಬಾರದು. ಕೊರಳಲ್ಲಿ ಟವೆಲ್ ಅಂತೂ ಬೇಡವೇ ಬೇಡ. ಬೆವರೊರೆಸಲು ಸುತ್ತಿಕೊಂಡ ಆ ಟವೆಲ್ಲಿನ ಒಂದು ತುದಿ ಸಿಕ್ಕಿದರೆ ರೋಲರಿಗೆ ಸಾಕು. ಓಡುವ ಯಂತ್ರದ ಹತ್ತಿರ ಹೋಗುವವರಿಗೆ ಮೈಗೆ ಅಂಟಿದ ಬಟ್ಟೆಯನ್ನು ಕಾರ್ಖಾನೆಯೇ ಕೊಡಬೇಕು, ಅವರ ಹೆಸರು ರಿಜಿಸ್ಟರಿನಲ್ಲಿ ಇರಬೇಕು ಅಂತ ಅದೇ ಕಾಯ್ದೆಯ 22ನೇ ಸೆಕ್ಷನ್ನಿನಲ್ಲಿತ್ತು.

ಬಾಯ್ಲರ್ ಪ್ರದೀಪನದ ಹಿಂದಿನ ವಾರ

ಬಾಯ್ಲರ್ ಪ್ರದೀಪನದ, ಅಂದರೆ ಹಂಗಾಮಿಗೆ ಮೊದಲ ಬೆಂಕಿ ಕೊಡುವ, ಮುಹೂರ್ತ ಪಂಚಾಂಗ ನೋಡಿ ಇಡುತ್ತಾರೆ, ಆಮಂತ್ರಣ ಅಚ್ಚಾಗುತ್ತದೆ, ಸ್ವಾಮಿಗಳು, ಅಧ್ಯಕ್ಷರು ಬರುತ್ತಾರೆ. ತಾರೀಕು ಮುಂದೆ ಹೋಗುವುದಿಲ್ಲ. ಹಾಗಾಗಿ ಉಳಿದ ಕೆಲಸವೆಲ್ಲ ಕೊನೆಯ ವಾರಕ್ಕೆ ಬಂದು ಬೀಳುತ್ತದೆ. ಒಂದು ಕಡೆ ಟ್ರಯಲ್, ಪಕ್ಕದಲ್ಲೇ ಇನ್ನೂ ಫಿಟ್ಟಿಂಗ್. ಯಂತ್ರಕ್ಕೆ ಮತ್ತೆ ಜೀವ ಬರುವ ಹೊತ್ತು ಇದೇ, ಜನ ದಣಿದಿರುವುದೂ ಇದೇ ಹೊತ್ತು.

ಟ್ರಯಲ್ ಅಂದರೆ ಬೀಗ ತೆಗೆಯಬೇಕು. ಮೊದಲು ಜನರನ್ನು ಹೊರಗೆ ಕರೆದು ತಲೆ ಎಣಿಸಿ, ಹತ್ಯಾರ ಎಣಿಸಿ, ಒಬ್ಬೊಬ್ಬರೂ ತಮ್ಮ ಬೀಗ ತಾವೇ ತೆಗೆದು, ಸೈರನ್ ಕೊಟ್ಟು, ಆಮೇಲೆ ಚಾಲೂ. ಇಷ್ಟನ್ನು ಬಹಳ ಕಡೆ ಮಾಡುತ್ತಾರೆ. ತಪ್ಪುವುದು ಇದರ ನಂತರ. ಕಪ್ಲಿಂಗ್ ಹೋಲ್ ಸ್ವಲ್ಪ ಸರಿಯಬೇಕು, ಇಂಚಿಂಗ್ (ಕ್ಷಣಮಾತ್ರ ಓಡಿಸುವುದು) ಕೊಡು, ನಿಲ್ಸು, ನೋಡು, ಮತ್ತೆ ಕೊಡು. ಎರಡನೇ ಸಲಕ್ಕೆ ಯಾರೂ ಬೀಗ ಹಾಕಿ ಒಳಗೆ ಕೈಯಿಡುವುದಿಲ್ಲ, "ಈಗಷ್ಟೇ ನಿಂತೈತಲ್ಲ" ಅಂತ. ಪ್ರತಿ ಇಂಚಿಂಗಿನ ನಡುವೆ ಕೈ ಒಳಗೆ ಹೋಗುವುದಿದ್ದರೆ ಪ್ರತಿ ಸಲವೂ ಬೀಗ ಬೀಳಬೇಕು. ಬೇಸರ ಬರುತ್ತದೆ, ಸಮಯ ಹೋಗುತ್ತದೆ, ಬೇರೆ ದಾರಿಯಿಲ್ಲ. ಗಾರ್ಡನ್ನೂ ಟ್ರಯಲ್ ಆದ ಮೇಲೆ ಹಾಕೋಣ ಅಂತ ಪಕ್ಕಕ್ಕಿಟ್ಟಿರುತ್ತಾರೆ. ಕಪ್ಲಿಂಗ್ ಮೊದಲ ಸಲ ಪೂರ್ತಿ ವೇಗಕ್ಕೆ ಹೋಗುವಾಗ ಅದರ ಸುತ್ತ ಎಂಟು ಜನ ನಿಂತಿರುತ್ತಾರೆ.

ಬೀಗ ಹಾಕಿದವನು ಮರೆತು ಮನೆಗೆ ಹೋಗಿರುವುದೂ ಈ ವಾರದಲ್ಲೇ ಹೆಚ್ಚು. ಕಟರ್ ತಂದು ಕತ್ತರಿಸುವ ಮುಂಚೆ ಅವನಿಗೆ ಫೋನ್ ಮಾಡಿ ಅವನ ದನಿ ಕೇಳಬೇಕು. ಗೇಟಿನ ರಿಜಿಸ್ಟರಿನಲ್ಲಿ ಹೊರಗೆ ಹೋದ ಸಹಿ ನೋಡಬೇಕು, ಯಂತ್ರದ ಒಳಗೆ ಇಳಿದು ನೋಡಬೇಕು. ಶಿಫ್ಟ್ ಇನ್‌ಚಾರ್ಜ್ ಮತ್ತು ಎಲೆಕ್ಟ್ರಿಕಲ್ ಇನ್‌ಚಾರ್ಜ್ ಇಬ್ಬರೂ ಸಹಿ ಹಾಕಬೇಕು. ಮರುದಿನ ಅವನು ಗೇಟಿನೊಳಗೆ ಬರುವಾಗಲೇ "ನಿನ್ನ ಬೀಗ ತೆಗೆದೀವಪ್ಪಾ" ಅಂತ ಹೇಳಬೇಕು. ಇಲ್ಲದಿದ್ದರೆ ತನ್ನ ಬೀಗ ಇನ್ನೂ ಇದೆ ಅನ್ನುವ ನಂಬಿಕೆಯಲ್ಲಿ ಸೀದಾ ಹೋಗಿ ಇಳಿಯುತ್ತಾನೆ.

ಬೀಗಗಳ ಲೆಕ್ಕ ಇಡುವ ಕಾರ್ಖಾನೆಗಳೂ ಡಮ್ಮಿ ಪ್ಲೇಟಿನ, ಚೈನಿನ ಲೆಕ್ಕ ಇಡುವುದಿಲ್ಲ. ಹಾಕಿದ ಪ್ರತಿ ಡಮ್ಮಿಗೂ ನಂಬರ್ ಪಂಚ್ ಮಾಡಿ, ಫ್ಲ್ಯಾಂಜಿನಿಂದ ಹೊರಗೆ ಕಾಣುವಂತೆ ಬಾಲ ಬಿಟ್ಟು ಕೆಂಪು ಬಣ್ಣ ಬಳಿದು, ಯಾವ ಲೈನಿಗೆ ಯಾವಾಗ ಹಾಕಿದ್ದು, ಯಾರು ತೆಗೆದದ್ದು ಅಂತ ಒಂದೇ ಪುಸ್ತಕದಲ್ಲಿ ಬರೆಯಬೇಕು. ಐಡಿ ಫ್ಯಾನಿಗೆ ಕಟ್ಟಿದ ಚೈನು, ಫೈಬ್ರೈಜರಿಗೆ ಕೊಟ್ಟ ದಿಮ್ಮಿ, ಕ್ರೇನ್ ಹಳಿಯ ಸ್ಟಾಪರ್ ಕೂಡ ಅದೇ ಪುಸ್ತಕಕ್ಕೆ. ಸೇಫ್ಟಿ ವಾಲ್ವ್ ಬದಿಯಲ್ಲೋ ವೆಂಟ್ ಲೈನಿನಲ್ಲೋ ಒಂದು ಡಮ್ಮಿ ಉಳಿದುಬಿಟ್ಟರೆ ಅದು ಗೊತ್ತಾಗುವುದು ಒತ್ತಡ ಏರಿದ ಮೇಲೆ. ಕುಲುಮೆಗೆ ಬೆಂಕಿ ಕೊಡುವ ಮುಂಚೆ ಆ ಪುಸ್ತಕದ "ತೆಗೆದದ್ದು" ಕಾಲಮ್ಮಿನಲ್ಲಿ ಒಂದು ಸಾಲೂ ಖಾಲಿ ಇರಬಾರದು, ತೆಗೆದ ಡಮ್ಮಿಗಳೆಲ್ಲ ಸ್ಟೋರಿನಲ್ಲಿ ನಂಬರ್ ಪ್ರಕಾರ ತೂಗುಹಾಕಿರಬೇಕು. ಒಂದು ನಂಬರ್ ಕಡಿಮೆ ಬಂದರೆ ಅದು ಸಿಗುವವರೆಗೆ ಬೆಂಕಿ ಇಲ್ಲ, ಬಂದ ಅತಿಥಿಗಳು ಎಷ್ಟೇ ಹೊತ್ತು ಕಾಯಲಿ.